‘ಧರ್ಮ ಕೊಟ್ಟಿತು’ ಎಂದರೆ ಯಾರು ಕೊಟ್ಟರು?

ಮಾನ್ಯರೇ,

‘ಕ್ರೈಸ್ತ ಧರ್ಮ ಮತ್ತು ಪ್ರಜಾಪ್ರಭುತ್ವ’ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಓದು ವಿಸ್ತಾರವಾಗಿದೆ, ಎರಡಕ್ಕೂ ಅಭಿನಂದನೆಗಳು. ಆದರೆ ಮೂರನೆಯ ಪುಟ ನನ್ನನ್ನು ಕೆರಳಿಸಿತು. ಆದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಮನುಷ್ಯರೆಲ್ಲ ಸಮಾನರೆಂಬ ಅರಿವನ್ನು ಜಗತ್ತಿಗೆ ಕೊಟ್ಟದ್ದೇ ಕ್ರೈಸ್ತ ಧರ್ಮ’ ಎನ್ನುತ್ತೀರಿ. ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಕ್ರೈಸ್ತ ಧರ್ಮದ ಆದಿ ಪ್ರಚಾರಕ ಪೌಲನು ಬೈಬಲ್ಲಿನ ಪತ್ರವೊಂದರಲ್ಲಿ ಗಲಾತ್ಯದವರಿಗೆ ಬರೆದದ್ದನ್ನು ಆಧಾರವಾಗಿಟ್ಟು, ಮುಂದಿನ ವಾಕ್ಯದಲ್ಲೇ ಆಧುನಿಕ ಸಂವಿಧಾನಗಳಿಗೆ ಜಿಗಿಯುತ್ತೀರಿ. ನಡುವಿನ ಶತಮಾನಗಳು ಎಲ್ಲಿ ಹೋದವು? ಇರುವ ಅಧಿಕಾರಗಳೆಲ್ಲ ದೇವರಿಂದಲೇ ನೇಮಕವಾದವು ಎಂದು ರೋಮಾಪುರದವರಿಗೆ ಬರೆದವನೂ ಅದೇ ಪೌಲ. ರಾಜರು ತಮ್ಮ ಗದ್ದುಗೆಗೆ ಆಸರೆ ಮಾಡಿಕೊಂಡದ್ದು ಆ ಮಾತನ್ನು.

ಕೆಳಗಿನ ಸಾಲು ಇನ್ನೂ ತೊಂದರೆಯದು: ‘ಚರ್ಚು ಸದಾ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು.’ 1832ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಅದನ್ನು ಹುಚ್ಚೆಂದೇ ಕರೆದರು. 1965ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಬಿಷಪ್ಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ, ಧಾರ್ಮಿಕ ಸ್ವಾತಂತ್ರ್ಯವು ಮನುಷ್ಯನ ಘನತೆಯಿಂದಲೇ ಬಂದ ಹಕ್ಕೆಂಬುದನ್ನು 70ರ ವಿರುದ್ಧ 2,308 ಮತಗಳಿಂದ ಒಪ್ಪಿತು. ಇವೆರಡರ ನಡುವೆ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಅಮೆರಿಕನ್ ಪಾದ್ರಿ ಜಾನ್ ಕೋರ್ಟ್ನಿ ಮರ್ರಿ ನಿಂತಿದ್ದಾರೆ. ಈ ವಿಷಯವಾಗಿ ಬರೆಯಬೇಡಿ ಎಂದು 1950ರ ದಶಕದಲ್ಲಿ ಸಂಘದ ಮೇಲಿನವರೇ ಅವರ ಬಾಯಿ ಕಟ್ಟಿದರು. ಮುಂದೆ ಮಹಾಸಭೆಯ ಆ ಘೋಷಣೆಯ ಕರಡು ಬರೆದವರಲ್ಲಿ ಅವರೇ ಪ್ರಮುಖರಾದರು. ನಿಮ್ಮ ಸಾಲಿನಲ್ಲಿ ಈ ಮನುಷ್ಯನಿಗೆ ಜಾಗವೇ ಇಲ್ಲ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ, ‘ಧರ್ಮ ಹೇಳುತ್ತದೆ’, ‘ಸಮಾಜ ಬಯಸುತ್ತದೆ’ ಎಂಬಂಥ ವಾಕ್ಯ ಕಂಡ ಕೂಡಲೇ ನಮ್ಮ ಹಿರಿಯ ಸಂಪಾದಕರು ಅಂಚಿನಲ್ಲಿ ‘ಯಾರು? ಯಾರ ಎದುರು?’ ಎಂದು ಕೆಂಪು ಶಾಯಿಯಲ್ಲಿ ಬರೆದು, ಉತ್ತರ ಹುಡುಕಲು ನನ್ನನ್ನು ಗ್ರಂಥಾಲಯಕ್ಕೆ ಅಟ್ಟುತ್ತಿದ್ದರು. ಮನಸ್ಸಿನಲ್ಲೇ ಬೈದುಕೊಂಡು ಹೋಗುತ್ತಿದ್ದೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಾಗಲೇ ಲೇಖನಕ್ಕೆ ಜೀವ ಬರುತ್ತಿತ್ತು ಎಂಬುದು ಬೇರೆ ಮಾತು.

ಮಾರ್ಟಿನ್ ಲೂಥರ್ ಕಿಂಗ್ ಕುರಿತ ಪ್ಯಾರಾದಲ್ಲಿ ನಿಮಗೆ ಹೊಳೆಯದೆ ಹೋದದ್ದೂ ಆ ಎರಡನೆಯ ಪ್ರಶ್ನೆಯೇ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಅವರು ಬರೆದ ಪತ್ರವನ್ನು ‘ಕ್ರೈಸ್ತ ಪ್ರೀತಿಯ ದನಿ’ ಎಂದು ಹೇಳಿ ಮುಗಿಸಿದ್ದೀರಿ. ವರ್ಣಭೇದದ ವಿರುದ್ಧ ಬೀದಿಗಿಳಿಯಬೇಡಿ, ನ್ಯಾಯಾಲಯದ ದಾರಿ ಹಿಡಿಯಿರಿ ಎಂದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಅವರು ಕೊಟ್ಟ ಉತ್ತರ ಅದು. ಒಬ್ಬ ಯೆಹೂದಿ ರಬ್ಬಿಯನ್ನು ಬಿಟ್ಟರೆ ಅವರೆಲ್ಲ ಕ್ರೈಸ್ತರು. ಆ ಜಗಳವನ್ನು ಕೈಬಿಟ್ಟರೆ ಪತ್ರದ ಕಾರಣವನ್ನೇ ಕೈಬಿಟ್ಟಂತೆ.

ಮೂರನೆಯ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಗಲಾತ್ಯದ ಉಲ್ಲೇಖ ಇರಲಿ, ಪಕ್ಕದಲ್ಲೇ ರೋಮಾಪುರದ್ದೂ ಇರಲಿ. ಮರ್ರಿಯವರಿಗೆ ಕನಿಷ್ಠ ಎರಡು ಪ್ಯಾರಾ ಕೊಡಿ. ಉಪಸಂಹಾರವನ್ನು ನಾನು ಈಗಾಗಲೇ ಹೊಡೆದುಹಾಕಿದ್ದೇನೆ.