ಆಪ್ತಸಲಹೆ ಪ್ರಕರಣ: ಮೈನಸ್ 11 ಗಂಟೆ

ಈ ಪ್ರಕರಣವನ್ನು ಬರೆಯಲು ಆ ತಾಯಿಯ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಬಂದ ಅವರಿಗೆ 34 ವರ್ಷ. ಬೆಂಗಳೂರಿನ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಗಂಡ ಗಲ್ಫಿನಲ್ಲಿದ್ದಾರೆ, ಮಗನಿಗೆ ನಾಲ್ಕು ವರ್ಷ. ನಿದ್ದೆ ಬರುವುದಿಲ್ಲ, ಮಗನ ಮೇಲೆ ಕಾರಣವಿಲ್ಲದೆ ರೇಗುತ್ತೇನೆ ಎಂದು ಹೇಳಿಕೊಂಡು ಬಂದವರು ಮೊದಲ ಭೇಟಿಯ ಬಹುಪಾಲು ಹೊತ್ತು ಮಾತನಾಡಿದ್ದು ತಾವೇ ತಯಾರಿಸಿದ ಒಂದು ಆ್ಯಪ್ ಬಗ್ಗೆ.

ಅಂಗನವಾಡಿ ಬಿಟ್ಟ ಮೇಲಿನ ಹೊತ್ತು ಮತ್ತು ಜಿಲ್ಲಾಧಿಕಾರಿಗಳು ಮಳೆಯ ರಜೆ ಸಾರಿದ ದಿನಗಳು ಅವರ ಪಾಲಿಗೆ ದೊಡ್ಡ ಸಂಕಟವಾಗಿದ್ದವು. ಆದ್ದರಿಂದ ನೆರೆಯ ಒಂಬತ್ತು ಮನೆಗಳ ತಾಯಂದಿರನ್ನು ಸೇರಿಸಿ, ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಂಡರೆ ಅಷ್ಟು ಗಂಟೆ ಅವರ ಖಾತೆಗೆ ಜಮಾ ಆಗುವ ವ್ಯವಸ್ಥೆಯನ್ನು ರೂಪಿಸಿದರು. ಅಮೆರಿಕದ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ಕುಟುಂಬಗಳು ಅರ್ಧ ಗಂಟೆಗೆ ಒಂದರಂತೆ ಚೀಟಿ ಕೊಟ್ಟು ಮಕ್ಕಳನ್ನು ಸರದಿಯಲ್ಲಿ ನೋಡಿಕೊಂಡ ಪ್ರಯೋಗ ಅವರಿಗೆ ಮಾದರಿ. ಕಷ್ಟಕಾಲಕ್ಕೆ ಇರಲಿ ಎಂದು ಎಲ್ಲರೂ ಚೀಟಿಗಳನ್ನು ಕೂಡಿಟ್ಟದ್ದರಿಂದ ಆ ಕೂಟ ಬಹುಮಟ್ಟಿಗೆ ನಿಂತುಹೋದುದನ್ನು ಜೋನ್ ಮತ್ತು ರಿಚರ್ಡ್ ಸ್ವೀನಿ ದಂಪತಿ 1977ರ ಲೇಖನದಲ್ಲಿ ವಿವರಿಸಿದ್ದರು. ಇವರು ಅದನ್ನು ಓದಿ, ಹಾಗಾಗದಿರಲೆಂದು ಪ್ರತಿ ಮನೆಗೂ ಮೊದಲೇ 20 ಗಂಟೆ ಜಮಾ ಮಾಡಿಕೊಟ್ಟಿದ್ದರು.

ಆದರೂ ನಾಲ್ಕು ತಿಂಗಳಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು. ಮೊದಲು ಬಿಟ್ಟವರು ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ತಾಯಿ. ಅವರ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ ‘ಮೈನಸ್ 11’ ಎಂದಿತ್ತು, ಅದು ಒಂಬತ್ತು ಫೋನುಗಳಲ್ಲೂ ಕಾಣುತ್ತಿತ್ತು. ಕೇರಳದ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಸಭೆಯಲ್ಲಿ ಸಾಲದ ಕಂತನ್ನು ತಲೆಯೆತ್ತಿ ಕಟ್ಟುವ ಹೆಂಗಸು ಈ ಕೆಂಪು ಅಂಕಿಯನ್ನು ತಾಳಲಿಲ್ಲ. ಹಣದ ಸಾಲಕ್ಕೆ ಕಂತುಂಟು, ಮಗುವನ್ನು ನೋಡಿಕೊಂಡ ಋಣವನ್ನು ಬಾಕಿ ಎಂದು ಬರೆದು ತೋರಿಸುವ ವಾಡಿಕೆ ನಮ್ಮ ನೆರೆಕರೆಯಲ್ಲಿ ಇಲ್ಲ. ಗದ್ದೆಯಲ್ಲಿ ಮುಯ್ಯಾಳು ಮಾಡಿದವರೂ, ಅಂದರೆ ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ಹೋದವರೂ, ಯಾರು ಎಷ್ಟು ದಿನ ಬಂದರೆಂದು ನೆನಪಿಡುತ್ತಿದ್ದರು, ಆದರೆ ಆ ಲೆಕ್ಕವನ್ನು ಅಂಗಳದಲ್ಲಿ ನೇತುಹಾಕುತ್ತಿರಲಿಲ್ಲ.

“ನಾನು ಎಲ್ಲರಿಗಾಗಿ ಮಾಡಿದ್ದು ಮೇಡಂ, ಯಾರಿಗೂ ಬೇಡವಾಯಿತು,” ಎಂದು ಅವರು ಅತ್ತರು. ಎರಡನೆಯ ಭೇಟಿಯಲ್ಲಿ ಅವರದೇ ಖಾತೆಯನ್ನು ತೋರಿಸಲು ಕೇಳಿದೆ. ಅವರು ಕೊಟ್ಟದ್ದು 63 ಗಂಟೆ, ಪಡೆದದ್ದು 4 ಗಂಟೆ. ಆ ನಾಲ್ಕೂ ಆಫೀಸಿನ ಮೀಟಿಂಗಿಗಾಗಿ. ಸ್ವೀನಿ ದಂಪತಿ ಬರೆದ ಕೂಡಿಡುವಿಕೆ ಇಲ್ಲಿಯೂ ಇತ್ತು, ಅದನ್ನು ಮಾಡಿದವರು ವ್ಯವಸ್ಥೆಯನ್ನು ಕಟ್ಟಿದವರೇ. ಯಾಕೆ ಕೇಳಲಿಲ್ಲ ಎಂದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ನನಗೆ ಮಲಗಬೇಕು, ಮಗನನ್ನು ನೋಡಿಕೊಳ್ಳಿ ಅಂತ ಹೇಗೆ ಕೇಳುವುದು? ಆ್ಯಪ್ ಆದರೆ ಅದೇ ಕೇಳ್ತದೆ.”

ನನ್ನ ಎಣಿಕೆಯಲ್ಲಿ ಪ್ರಕರಣದ ತಿರುಳು ಈ ಮಾತಿನಲ್ಲೇ ಇದೆ. ಬಾಯಿಬಿಟ್ಟು ಕೇಳಲಾರದ ಸಂಕೋಚದ ಮೇಲೆ ಕಟ್ಟಿದ ಸಾಧನವು, ಕೇಳಿ ಪಡೆದ ಇನ್ನೊಬ್ಬ ತಾಯಿಯನ್ನು ತಾನೇ ನಾಚಿಸಿತು.

ಮೊದಲು ನಿದ್ದೆಯ ವಿಷಯ ಮಾತನಾಡಿದೆ. ಬೇಸರವೂ ನಿದ್ರಾಹೀನತೆಯೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಇದ್ದುದರಿಂದ ಮನೋವೈದ್ಯರನ್ನು ಕಾಣಲು ಹೇಳಿದೆ, ಅವರು ಹೋದರು. ಎರಡನೆಯದಾಗಿ, ಆ ವಾರವೇ ಒಬ್ಬ ನೆರೆಯವರ ಮನೆಗೆ ಫೋನಿಲ್ಲದೆ ಹೋಗಿ, ಕೆಲಸದ ನೆಪ ಹೇಳದೆ, ವಿಶ್ರಾಂತಿಗಾಗಿ ಎರಡು ಗಂಟೆ ಕೇಳಬೇಕೆಂದೆ. ಬೇರೆ ಏನು ಮಾಡದಿದ್ದರೂ ಇದನ್ನು ಮಾಡಿ ಎಂದು ಒತ್ತಿ ಹೇಳಿದೆ.

ಆ್ಯಪನ್ನು ಅಳಿಸಲು ಹೇಳಲಿಲ್ಲ, ಅದರ ಅಗತ್ಯ ನಿಜವಾದದ್ದು. ಬಾಕಿ ಲೆಕ್ಕ ಅವರವರಿಗೆ ಮಾತ್ರ ಕಾಣಲಿ, ರೋಗಿಗಳಿರುವ ಮನೆಗೆ ಬಾಕಿಯೇ ಬೇಡ ಎಂದೆ. ಎಲ್ಲವೂ ಇಂಗ್ಲಿಷಿನಲ್ಲಿತ್ತು, ಕನ್ನಡ, ಮಲಯಾಳ ಎರಡರಲ್ಲೂ ಬರಲಿ, ತುಳುವಿನಲ್ಲಿ ಮಾತನಾಡಿ ಕಳುಹಿಸಲು ಧ್ವನಿ ಸಂದೇಶದ ಗುಂಡಿ ಇರಲಿ ಎಂದೆ. ಮಕ್ಕಳ ಫೋಟೊಗಳನ್ನು ತೆಗೆದುಹಾಕಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಕ್ಕಳ ಮಾಹಿತಿಗೆ ಹೆತ್ತವರ ಖಚಿತ ಒಪ್ಪಿಗೆ ಕೇಳುತ್ತದೆ. ಒಂಬತ್ತು ಮನೆಗಳಾಚೆ ಬೆಳೆಯುವ ಆಸೆಯಿದ್ದರೆ ಈಗಿಂದಲೇ ಆ ಶಿಸ್ತು ಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ‘ಆ ಮನೆಗೆ ಹೋಗುವುದಿಲ್ಲ’ ಎಂದು ಮಗು ಹೇಳಿದರೆ ಅದನ್ನು ಹಟವೆಂದು ತಳ್ಳದೆ ಆ ದಿನ ಕಳುಹಿಸದಿರುವುದು, ಆಮೇಲೆ ಮೆಲ್ಲಗೆ ಕಾರಣ ಕೇಳುವುದು ಎಲ್ಲ ಮನೆಗಳೂ ಒಪ್ಪಿದ ನಿಯಮವಾಗಬೇಕೆಂದೆ. ಮಕ್ಕಳ ಸಹಾಯವಾಣಿ 1098 ಮೊದಲ ಪುಟದಲ್ಲೇ ಇರಲಿ ಎಂದೂ ಸೂಚಿಸಿದೆ.

ನಾಲ್ಕನೆಯ ಭೇಟಿಗೆ ಬರುವ ಹೊತ್ತಿಗೆ ಅವರು ಆ ಎರಡು ಗಂಟೆಯನ್ನು ಕೇಳಿದ್ದರು. ಪಕ್ಕದ ಮನೆಯ ಅಕ್ಕ, “ಎರಡು ಗಂಟೆ ಎಂತಕ್ಕೆ, ಊಟ ಮಾಡಿಸಿಯೇ ಕಳಿಸ್ತೇನೆ” ಎಂದರಂತೆ. ಮೈನಸ್ 11 ಇದ್ದ ತಾಯಿಯ ಮನೆಗೂ ಹೋಗಿ ಕ್ಷಮೆ ಕೇಳಿದರು. ಆಕೆ ಚಹಾ ಕೊಟ್ಟರು, ಆ್ಯಪ್ ಮಾತ್ರ ಬೇಡವೆಂದರು. ನಿದ್ದೆ ಈಗ ಐದು ಗಂಟೆಯವರೆಗೆ ಬರುತ್ತಿದೆ, ಮುಂದಿನ ಭೇಟಿ ತಿಂಗಳ ಕೊನೆಗೆ ಇದೆ.