ಸಂಪಾದಕರ ಉತ್ತರ: ಮುಖ ಕೊನೆಗೆ ಬಂದರೆ ನಷ್ಟವೇನು?

ಹಾಸನದಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಇಪ್ಪತ್ತೇಳರ ಮಗಳು ಎರಡು ವರ್ಷಗಳಿಂದ ರಾತ್ರಿ ಹೊತ್ತು ಆನ್‌ಲೈನ್ ಆಟವಾಡುತ್ತಾಳೆ. ಜೊತೆಗೆ ಆಡುವ ನಾಲ್ವರನ್ನು ಬರುವ ತಿಂಗಳು ಮೈಸೂರಿನಲ್ಲಿ ಮೊದಲ ಸಲ ಕಣ್ಣಾರೆ ಕಾಣಲು ಹೊರಟಿದ್ದಾಳೆ. ಅಪ್ಪ ತಕರಾರು ತೆಗೆದಾಗ, ‘ಇದನ್ನು ನೋಡಿ, ಆಮೇಲೆ ಮಾತಾಡೋಣ’ ಎಂದು ಜಪಾನಿನ ಅನಿಮೆ (ಕಾರ್ಟೂನು) ಧಾರಾವಾಹಿಯೊಂದನ್ನು ಹಾಕಿಕೊಟ್ಟಳಂತೆ. ನೋಡಿದ ಮೇಲೆ ಅವರ ಸಿಟ್ಟು ಇಮ್ಮಡಿಯಾಗಿದೆ. ಪತ್ರದ ತಿರುಳು ಇಷ್ಟು: ‘ಮೂವತ್ತರ ಹೆಣ್ಣು ಇದ್ದ ಕೆಲಸ ಬಿಟ್ಟು, ತಲೆ ಬಾಚದೆ, ಹಗಲೂ ರಾತ್ರಿ ಆಟವಾಡುತ್ತಾಳೆ. ಆಟದಲ್ಲಿ ಅವಳದು ಗಂಡಿನ ವೇಷ, ಅವಳನ್ನು ಮೆಚ್ಚುವ ಗಂಡಿನದು ಹೆಣ್ಣಿನ ವೇಷ. ಇಬ್ಬರೂ ಒಬ್ಬರನ್ನೊಬ್ಬರು ವಂಚಿಸಿದ್ದಕ್ಕೆ ಬಹುಮಾನವಾಗಿ ಪ್ರೀತಿ ಸಿಗುತ್ತದೆ. ಇದನ್ನು ಹಾಸ್ಯವೆನ್ನುತ್ತೀರಾ?’

ಮಾನ್ಯರೇ, ಪತ್ರ ಓದಿ ಮೊದಲು ನಗು ಬಂತು. ಬೈಯಲೆಂದೇ ಕುಳಿತ ತಾವು ಹತ್ತೂ ಕಂತುಗಳನ್ನು ಎರಡೇ ಸಂಜೆಯಲ್ಲಿ ಮುಗಿಸಿದ್ದೀರಿ! ನಿಮ್ಮ ಮಗಳು ಅಪ್ಪನನ್ನು ಚೆನ್ನಾಗಿ ಬಲ್ಲಳು. ಮೂರು ಮಗ್ಗುಲೂ ತುಂಬಿ, ಮಡಚುವ ಅಂಚಿನಲ್ಲೂ ಬರೆದ ಇನ್‌ಲ್ಯಾಂಡ್ ಪತ್ರ ನಮ್ಮ ಕಚೇರಿಗೆ ಬಂದು ಎಷ್ಟೋ ಕಾಲವಾಗಿತ್ತು. ಆ ಗೌರವಕ್ಕಾಗಿಯೇ ಇಷ್ಟುದ್ದದ ಉತ್ತರ.

ನಿಮ್ಮ ಆತಂಕ ಸುಳ್ಳಲ್ಲ. ಮುಖ ಕಂಡಿರದವರನ್ನು ನೋಡಲು ಹೋಗುವವರು ಹಗಲು ಹೊತ್ತಿನಲ್ಲಿ, ಜನರಿರುವ ಹೋಟೆಲಿನಲ್ಲಿ ಭೇಟಿಯಾಗಬೇಕು. ಎಲ್ಲಿದ್ದೇವೆಂದು ಮನೆಗೆ ತಿಳಿಸಿರಬೇಕು. ಹಣ ಕಟ್ಟಿ ಆಡುವ ಆಟಗಳು ಸಂಸಾರಗಳನ್ನು ಮುಳುಗಿಸಿದ್ದನ್ನೂ ಬಲ್ಲೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯ್ದೆ ತಂದಾಗ ನಾನೂ ಒಳ್ಳೆಯದಾಯಿತೆಂದೆ. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ನೀವು ನೋಡಿದ್ದು 2017ರ ‘ನೆಟೋಜೂ ನೋ ಸುಸುಮೆ’. ಗೆಳೆಯರು, ಗೆಳತಿ, ಓಡಾಟ ಎಂದು ನಿಜಜೀವನ ತುಂಬಿದವನನ್ನು ಜಪಾನಿನ ಹುಡುಗರು ‘ರಿಯಾಜೂ’ ಎನ್ನುತ್ತಾರೆ. ಅದನ್ನೇ ತಿರುಚಿ, ಅಂತರಜಾಲದಲ್ಲಿ ಬದುಕು ತುಂಬಿಕೊಂಡವನು ‘ನೆಟೋಜೂ’. ‘ಸುಸುಮೆ’ ಎಂದರೆ ಶಿಫಾರಸು, ಹುರಿದುಂಬಿಸುವ ಮಾತು. ವಿದ್ಯೆ ಕಲಿಯಿರಿ ಎಂದು ಚಿಂತಕ ಫುಕುಜಾವಾ ಯುಕಿಚಿ 1872ರಿಂದ ಬಿಡಿಬಿಡಿಯಾಗಿ ಹೊರತಂದ ‘ಗಾಕುಮೊನ್ ನೋ ಸುಸುಮೆ’ ಅಲ್ಲಿ ಶಾಲೆಗೆ ಹೋದವರಿಗೆಲ್ಲ ಗೊತ್ತು. 2024ರಲ್ಲಿ ಹೊಸ ನೋಟು ಬರುವವರೆಗೂ ಹತ್ತು ಸಾವಿರ ಯೆನ್ ನೋಟಿನ ಮೇಲಿದ್ದ ಮುಖ ಅವರದೇ; ಬ್ಯಾಂಕಿನವರಾದ ನಿಮಗೆ ಇದು ರುಚಿಸಬಹುದು. ಹೆಸರಿನಲ್ಲೇ ಇಷ್ಟು ತುಂಟತನವಿರುವ ಕಥೆಯನ್ನು ನೀವು ಸತ್ಯನಾರಾಯಣ ವ್ರತದ ಕಥೆಯ ಹಾಗೆ ಫಲಶ್ರುತಿಗಾಗಿ ಕೇಳಿದ್ದೀರಿ.

ಕೆಲಸ ಬಿಟ್ಟಳು, ಕೊನೆಗೆ ಬಹುಮಾನವನ್ನೂ ಪಡೆದಳು ಎಂದಿರಿ. ಕಥೆಯ ನಾಯಕಿ ಮೊರಿಕೊ ಮೊರಿಯೊಕಾ ಆಟದಲ್ಲಿ ‘ಹಯಾಶಿ’ ಎಂಬ ಗಂಡುವೀರ. ಬಂದ ಹೊಸತರಲ್ಲಿ ಮತ್ತೆ ಮತ್ತೆ ಸತ್ತು ಬೀಳುವ ಈ ವೀರನನ್ನು ಎಬ್ಬಿಸಿ ಕೂರಿಸುವವಳು ‘ಲಿಲಿ’. ಲಿಲಿಯ ಹಿಂದಿರುವವನು ಸಕುರಾಯಿ ಎಂಬ ಕಂಪನಿ ನೌಕರ. ಇನ್ನೂ ಹಳೆಯ ಆಟವೊಂದರಲ್ಲಿ ಇವರಿಬ್ಬರೂ ಬೇರೆ ಹೆಸರುಗಳಲ್ಲಿ ಗೆಳೆಯರಾಗಿದ್ದರು. ಕಚೇರಿಯ ಕೆಲಸ ತಲೆಯ ಮೇಲೆ ಬಿದ್ದು ಮೊರಿಕೊ ಆಟ ಬಿಟ್ಟಾಗ ಆ ಸ್ನೇಹ ಕಡಿದಿತ್ತು. ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೆ? ಸ್ನೇಹವನ್ನು ಕಿತ್ತುಕೊಂಡದ್ದು ಸಂಬಳ ಕೊಡುವ ಕೆಲಸ, ಹಿಂದಕ್ಕೆ ಕೊಟ್ಟದ್ದು ಆಟ. ಅಂದ ಹಾಗೆ, ಹತ್ತನೆಯ ಕಂತು ಮುಗಿದರೂ ಮದುವೆಯ ಮಾತೇ ಇಲ್ಲ. ಇಬ್ಬರಿಗೂ ಎದುರುಬದುರು ಕುಳಿತು ಮಾತಾಡುವುದೇ ಒಂದು ಸಾಹಸ.

ಈ ಬಗೆಯ ಕಥೆಗಳಲ್ಲಿ ನನಗೆ ಸೇರದಿರುವುದು ಬೇರೆ: ಕಾಕತಾಳೀಯ. ಹನ್ನೆರಡು ಕೋಟಿ ಜನರ ದೇಶದಲ್ಲಿ ಆಟದ ಗೆಳೆಯನ ಮೊಣಕೈಯೇ ಬಂದು ನಾಯಕಿಗೆ ಬಡಿಯಬೇಕೆ? ತಂಡದ ನಾಯಕ ಅವಳು ಹೋಗುವ ಅಂಗಡಿಯಲ್ಲೇ ಕೆಲಸಕ್ಕಿರಬೇಕೆ? 2016ರ ಇನ್ನೊಂದು ಅನಿಮೆಯಲ್ಲಂತೂ ಹುಡುಗನೊಬ್ಬ ಆಟದ ‘ಹೆಂಡತಿ’ಯನ್ನೂ ಜೊತೆಗಾರರನ್ನೂ ನೋಡಲು ಹೋದರೆ ಮೂವರೂ ಅವನದೇ ಶಾಲೆಯ ಹುಡುಗಿಯರು! ಇಂಥ ಭೇಟಿಗೆ ಅಲ್ಲಿ ‘ಒಫುಕಾಯ್’ ಎಂಬ ಹೆಸರೇ ಇದೆ. ಆಫ್‌ಲೈನ್ ಕೂಟ ಎಂದರ್ಥ. ಹೆಸರು ಹುಟ್ಟುವಷ್ಟು ಸಾಮಾನ್ಯವಾದ ಸಂಗತಿಗೆ ಇಷ್ಟೊಂದು ಕಾಕತಾಳೀಯ ಬೇಕಿರಲಿಲ್ಲ.

ಆದರೆ ‘ವಂಚನೆ’ ಎಂಬ ನಿಮ್ಮ ಮಾತನ್ನು ಬಿಡಲಾರೆ. ಅದಕ್ಕೆ ನನ್ನದೇ ಕಾರಣವುಂಟು.

1984ರಲ್ಲಿ ನನಗೆ ಇಪ್ಪತ್ತೆರಡು. ಪತ್ರಮೈತ್ರಿಯ ಕಾಲ. ಅರಸೀಕೆರೆಯಿಂದ ವಸುಂಧರಾ ಎಂಬವರು ನನಗೆ ಎರಡು ವರ್ಷ ಬರೆದರು. ಹಳಗನ್ನಡ ಕಾವ್ಯದ ರುಚಿ ಹತ್ತಿಸಿದ್ದು ಆ ಪತ್ರಗಳೇ. ನನ್ನ ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯ ಗೆರೆ ಎಳೆದು ಮರಳಿ ಕಳಿಸುತ್ತಿದ್ದರು. ಕೊನೆಗೊಂದು ದಿನ ಅಣ್ಣನ ಟೆರಿಕಾಟ್ ಅಂಗಿ ತೊಟ್ಟು ರೈಲಿಳಿದೆ. ಕಾದಿದ್ದವರು ಕಂಕುಳಲ್ಲಿ ಕೊಡೆ ಇಟ್ಟುಕೊಂಡ, ಐವತ್ತು ದಾಟಿದ ರೈಲ್ವೆ ಗುಮಾಸ್ತರು. ‘ವಸುಂಧರಾ ತೀರಿಕೊಂಡ ನನ್ನ ಹೆಂಡತಿಯ ಹೆಸರು. ನನ್ನ ಹೆಸರಿನಲ್ಲಿ ಬರೆದಿದ್ದರೆ ಒಂದಕ್ಕಾದರೂ ಉತ್ತರಿಸುತ್ತಿದ್ದೆಯಾ?’ ಎಂದರು. ಅವರು ತರಿಸಿದ ಕಾಫಿಯನ್ನೂ ಕುಡಿಯದೆ ಮುಂದಿನ ರೈಲಿಗೆ ಮರಳಿದೆ. ಮೂರು ವಾರದ ಮೇಲೆ ಪತ್ರ ಬಂತು, ಈ ಸಲ ಅವರದೇ ಹೆಸರಿನಲ್ಲಿ. ಕ್ಷಮೆ ಕೇಳಿರಲಿಲ್ಲ, ನನ್ನ ಹಿಂದಿನ ಪತ್ರದಲ್ಲಿದ್ದ ಎರಡು ಅರಿಸಮಾಸಗಳನ್ನು ತಿದ್ದಿದ್ದರು. ಉತ್ತರ ಬರೆದೆ. ಮುಂದೆ ಈ ಪತ್ರಿಕೆ ಶುರುವಾದಾಗ ಹನ್ನೊಂದು ವರ್ಷ, ತೀರಿಕೊಳ್ಳುವವರೆಗೂ, ಇದರ ಕರಡು ತಿದ್ದಿದವರು ಅವರೇ. ಅವರ ಮುಖವನ್ನು ನಾನು ನೋಡಿದ್ದು ಹೆಚ್ಚೆಂದರೆ ಆರು ಸಲ.

ವಂಚನೆಯೆ? ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿ ಒಂದು ವರ್ಷ ನಾಟ್ಯ ಕಲಿಸಿದವನು ‘ನಾನು ಅರ್ಜುನ’ ಎಂದಾಗ ಉತ್ತರಕುಮಾರ ಮೋಸವಾಯಿತೆಂದು ಅಳಲಿಲ್ಲ. ಹಾಗಾದರೆ ಅರ್ಜುನನ ಹತ್ತು ಹೆಸರುಗಳನ್ನು ಹೇಳು ಎಂದ. ಹೇಳಿದ, ನಂಬಿದ, ಸಾರಥಿಯಾಗಿ ಕುಳಿತ. ಒಬ್ಬನಿಗೆ ಹತ್ತು ಹೆಸರುಗಳಿರಬಹುದೆಂದು ಆ ಹೇಡಿ ಹುಡುಗನಿಗೂ ಗೊತ್ತಿತ್ತು. ಆಧಾರ್ ಕಾರ್ಡಿನ ಕಾಲದ ನಮಗೆ ಮರೆತಿದೆ.

ಇನ್ನೊಬ್ಬ ಅಪ್ಪನ ಕಥೆ ಕೇಳಿ. ನಾರ್ವೆಯ ಮಾಟ್ಸ್ ಸ್ಟೀನ್ ಸ್ನಾಯುಗಳು ಸವೆಯುತ್ತ ಹೋಗುವ ರೋಗದಿಂದ ಗಾಲಿಕುರ್ಚಿ ಹಿಡಿದ ಹುಡುಗ. 2014ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಗಂಟೆಗಟ್ಟಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತ ಅವನು ಒಂಟಿಯಾಗಿಯೇ ಹೋದ ಎಂದು ಹೆತ್ತವರು ಕೊರಗಿದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು ನೋಡಿ, ಊರೂರುಗಳಿಂದ ಪತ್ರಗಳ ಮಳೆ. ಆಟದಲ್ಲಿ ಅವನು ಇಬೆಲಿನ್ ಎಂಬ ಹೆಸರಿನವನು. ಎಷ್ಟೋ ಜನರ ದುಃಖ ಕೇಳಿದವನು, ಜಗಳ ಬಿಡಿಸಿದವನು. ಅಂತ್ಯಸಂಸ್ಕಾರಕ್ಕೆ ಬೇರೆ ದೇಶಗಳಿಂದ ಗೆಳೆಯರು ಬಂದಿಳಿದರು. ಮಗ ಯಾರೆಂದು ಆ ಅಪ್ಪನಿಗೆ ಗೊತ್ತಾದದ್ದು ಆಗ. ನಿಮಗೆ ಇನ್ನೂ ಕಾಲವಿದೆ.

ಇನ್ನು ‘ಮರ್ಯಾದಸ್ಥರು ಸಂಬಂಧ ಹುಡುಕುವ ಕ್ರಮ ಇದಲ್ಲ’ ಎಂಬ ನಿಮ್ಮ ಸಾಲು. ಮರ್ಯಾದಸ್ಥ ಕ್ರಮದಲ್ಲಿ ಏನಿದೆ? ಮೊದಲು ಫೋಟೊ, ಆಮೇಲೆ ಜಾತಕ, ಆಮೇಲೆ ಸಂಬಳದ ಚೀಟಿ, ಕೊನೆಗೆ ಉಪ್ಪಿಟ್ಟು ಕೇಸರಿಬಾತಿನ ಎದುರು ಇಪ್ಪತ್ತು ನಿಮಿಷ. ಸೋತಾಗ ಅವನು ಹೇಗಿರುತ್ತಾನೆ, ಜೊತೆಯವರು ತಪ್ಪು ಮಾಡಿದರೆ ಅವಳು ಕೂಗಾಡುತ್ತಾಳೆಯೆ, ಬೇಟೆಯಲ್ಲಿ ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಾರೆಯೆ ಎಂಬುದೆಲ್ಲ ಮದುವೆಯಾಗಿ ಮೂರು ವರ್ಷಕ್ಕೆ ತಿಳಿಯುತ್ತದೆ. ನಿಮ್ಮ ಮಗಳಿಗೆ ಆ ನಾಲ್ವರ ಬಗ್ಗೆ ಇದಿಷ್ಟೂ ಗೊತ್ತು. ಗೊತ್ತಿಲ್ಲದಿರುವುದು ಮೂಗು ಮಾತ್ರ. ಜಪಾನಿನಲ್ಲೂ ‘ಒಮಿಯಾಯ್’ ಎಂಬ ಹೆಣ್ಣು ನೋಡುವ ಶಾಸ್ತ್ರವಿದೆ. 1930ರ ದಶಕದಲ್ಲಿ ಅಲ್ಲಿನ ಮದುವೆಗಳಲ್ಲಿ ನೂರಕ್ಕೆ ಸುಮಾರು 69 ಅದರಿಂದಲೇ ಕುದುರುತ್ತಿದ್ದವು. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಮದುವೆಯಾದ ಜೋಡಿಗಳ ಪೈಕಿ ಅಂತರಜಾಲದಲ್ಲಿ ಪರಿಚಯವಾದವರು ಶೇಕಡಾ 13.6. ಇದರಲ್ಲಿ ಫೋಟೊ ನೋಡಿ ಬೆರಳಾಡಿಸುವ ಆ್ಯಪ್‌ಗಳೂ ಸೇರಿವೆ. ಅವುಗಳ ಮೇಲೂ ನನಗೆ ಪ್ರೀತಿಯಿಲ್ಲ. ಅವು ಅದೇ ಹಳೆಯ ಫೋಟೊ ಮತ್ತು ಸಂಬಳದ ಶಾಸ್ತ್ರ, ಉಪ್ಪಿಟ್ಟು ಮಾತ್ರ ಇಲ್ಲ.

ನನ್ನ ದೂರು ಇನ್ನೂ ದೊಡ್ಡದು. ನಲವತ್ತು ದಾಟಿದವನಿಗೆ ಹೊಸ ಸ್ನೇಹಿತನೊಬ್ಬ ಸಿಗುವ ಜಾಗ ನಮ್ಮಲ್ಲಿ ಎಲ್ಲಿ ಉಳಿದಿದೆ? ಕಟ್ಟೆ ಹೋಯಿತು, ಊರ ವಾಚನಾಲಯಕ್ಕೆ ಬೀಗ ಬಿತ್ತು. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಕರಗಿತು. ಮಗಳು ಆಟವಾಡಿದರೆ ಕಾಲಹರಣ. ಸೋಫಾದಲ್ಲಿ ಮಲಗಿ ಗಂಟೆಗಟ್ಟಲೆ ರೀಲ್ಸ್ ನೋಡುವ ಅಪ್ಪಂದಿರದು ವಿಶ್ರಾಂತಿ. (ನಿಮ್ಮನ್ನೇ ಎನ್ನುತ್ತಿಲ್ಲ, ನೀವು ಅನಿಮೆ ನೋಡುತ್ತಿದ್ದಿರಿ.) ಆಡುವವರು ಕಡೇಪಕ್ಷ ಐದು ಜನ ಸೇರಿ ಒಂದು ಕೆಲಸ ಮಾಡುತ್ತಾರೆ. ಹತ್ತು ಗಂಟೆಗೆ ಬರುತ್ತೇನೆಂದರೆ ಹತ್ತಕ್ಕೆ ಬರುತ್ತಾರೆ. ಇಷ್ಟು ಶಿಸ್ತು ನಮ್ಮ ಸಾಹಿತ್ಯ ಸಭೆಗಳಿಗೆ ಬಂದರೆ ನಾನು ಆಟವನ್ನು ಪಠ್ಯದಲ್ಲಿ ಸೇರಿಸಿ ಎಂದೇನು.

ಮೈಸೂರಿಗೆ ನೀವೂ ಹೋಗುತ್ತೇನೆಂದು ಬರೆದಿದ್ದೀರಿ, ‘ದೂರದಲ್ಲಿ ಕುಳಿತು ನೋಡಲು’. ದಯವಿಟ್ಟು ಬೇಡ. ಅದರ ಬದಲು ಅವಳು ಆಡುವ ಪಾತ್ರದ ಹೆಸರೇನು, ಕತ್ತಿ ಹಿಡಿಯುತ್ತಾಳೋ ಲಿಲಿಯ ಹಾಗೆ ಬಿದ್ದವರನ್ನು ಎಬ್ಬಿಸುತ್ತಾಳೋ ಎಂದು ಕೇಳಿ ನನಗೆ ತಿಳಿಸಿ. ಇನ್‌ಲ್ಯಾಂಡ್ ಪತ್ರದಲ್ಲೇ ಬರೆಯಿರಿ. ಅಂಚಿನಲ್ಲಿ ಮಾತ್ರ ಬರೆಯಬೇಡಿ. ಅಂಟು ಬಿಡಿಸುವಾಗ ನಿಮ್ಮ ಎರಡು ಸಾಲು ಹರಿದುಹೋದವು.