ಅಷ್ಟು ಎತ್ತರದಲ್ಲಿ ಹಾರುವ ವಲಸೆ ಹಕ್ಕಿಗಳಿಗೆ ಚಳಿ ಆಗುವುದಿಲ್ಲವೇ?

ಹಾರುವಾಗ ಅವಕ್ಕೆ ಚಳಿಗಿಂತ ಸೆಕೆಯ ಕಾಟವೇ ಜಾಸ್ತಿ! ರೆಕ್ಕೆ ಬಡಿಯುವ ಎದೆಯ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಬಹುಪಾಲು ಶಾಖವಾಗಿಬಿಡುತ್ತದೆ. ಮೈ ಬಿಸಿ ಮೊದಲೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹಕ್ಕಿಗಳಿಗೆ ಬೆವರು ಗ್ರಂಥಿಗಳೂ ಇಲ್ಲ ಅಲ್ವಾ? ಹಾಗಾಗಿ ಉಸಿರಿನಿಂದ, ಪುಕ್ಕ ತೆಳುವಾಗಿರುವ ರೆಕ್ಕೆಯಡಿಯಿಂದ ಬಿಸಿ ಹೊರಹಾಕುತ್ತವೆ. ಇದಕ್ಕೆ ಮೇಲಿನ ತಣ್ಣನೆ ಗಾಳಿ ಅನುಕೂಲವೇ.

ಬಿಸಿ ಉಳಿಸಬೇಕಾದಾಗ ಒಳಪುಕ್ಕಗಳು ಗಾಳಿಯನ್ನು ಹಿಡಿದಿಡುತ್ತವೆ. ಕಾಲಿನ ವ್ಯವಸ್ಥೆಯಂತೂ ಅದ್ಭುತ. ಕೆಳಗಿಳಿಯುವ ಬಿಸಿ ರಕ್ತ ಪಕ್ಕದ ನಾಳದಲ್ಲಿ ಮೇಲೇರುವ ತಣ್ಣನೆ ರಕ್ತಕ್ಕೆ ಶಾಖ ದಾಟಿಸುತ್ತದೆ. ಪಾದ ತಣ್ಣಗಿದ್ದರೂ ಮೈ ಬೆಚ್ಚಗೇ ಇರುತ್ತದೆ. ಹಾರುವಾಗ ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಹುದುಗಿಸಿಕೊಳ್ಳುವ ಹಕ್ಕಿಗಳೂ ಇವೆ.

ಹಿಮಾಲಯ ದಾಟುವ ಪಟ್ಟೆತಲೆ ಹೆಬ್ಬಾತು 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆಯಿದೆ. ಅಲ್ಲಿ ಅದಕ್ಕೆ ನಿಜವಾದ ಸವಾಲು ಆಮ್ಲಜನಕದ ಕೊರತೆ.